ಇಪ್ಪತ್ತಾರು ಮೈಲಿಯ ಹುಂಡಿ

ಮಹಾನಗರವೊಂದರ ಮುಖ್ಯ ರಸ್ತೆಗಳನ್ನು ವರ್ಷಕ್ಕೊಂದು ಭಾನುವಾರ ವಾಹನಗಳಿಗೆ ಮುಚ್ಚಿ ಓಡುವವರಿಗೆ ಬಿಟ್ಟುಕೊಡುವ ಮ್ಯಾರಥಾನ್, ಎಂದರೆ 42.195 ಕಿಲೋಮೀಟರ್ ದೂರದ ಓಟ, ಇಂದು ಕ್ರೀಡೆಯ ಇತಿಹಾಸಕ್ಕೆ ಎಷ್ಟು ಸೇರಿದೆಯೋ ದಾನಧರ್ಮದ ಇತಿಹಾಸಕ್ಕೂ ಅಷ್ಟೇ ಸೇರಿದೆ. 2025ರ ಏಪ್ರಿಲ್ 27ರಂದು ಲಂಡನ್ ಮ್ಯಾರಥಾನಿನಲ್ಲಿ ಗುರಿ ಮುಟ್ಟಿದವರು 56,640 ಮಂದಿ; ಅವರ ಓಟದ ನೆಪದಲ್ಲಿ ಸೇವಾಸಂಸ್ಥೆಗಳಿಗೆ ಸಂದ ಹಣ 8 ಕೋಟಿ 73 ಲಕ್ಷ ಪೌಂಡ್, ಅಂದಿನ ವಿನಿಮಯ ದರದಲ್ಲಿ ಹೆಚ್ಚುಕಡಿಮೆ ಒಂದು ಸಾವಿರ ಕೋಟಿ ರೂಪಾಯಿ. 1981ರಿಂದ ಈಚೆಗೆ ಕೂಡಿಬಂದ ಒಟ್ಟು ಮೊತ್ತ 130 ಕೋಟಿ ಪೌಂಡ್ ದಾಟಿದೆ. ಇಷ್ಟು ದೊಡ್ಡ ಮೊತ್ತವನ್ನು ಜನರ ಔದಾರ್ಯವೆಂಬ ಒಂದೇ ಮಾತಿನಿಂದ ವಿವರಿಸಿಬಿಡಬಹುದು. ಆದರೆ ಔದಾರ್ಯ ಎಲ್ಲ ಊರುಗಳಲ್ಲೂ ಎಲ್ಲ ಕಾಲದಲ್ಲೂ ಒಂದಿಷ್ಟು ಇದ್ದೇ ಇರುತ್ತದೆ, ಅದು ಹುಂಡಿಯ ತನಕ ಬಂದು ಬೀಳುವಂತೆ ಮಾಡುವ ವ್ಯವಸ್ಥೆ ಮಾತ್ರ ಎಲ್ಲೆಡೆ ಇರುವುದಿಲ್ಲ. ಲಂಡನ್ ಅಂಥ ವ್ಯವಸ್ಥೆಯೊಂದನ್ನು ಕಟ್ಟಿತು. ಅದರ ಅಡಿಪಾಯವನ್ನು ಅಗೆದು ನೋಡಿದರೆ ಕರುಣೆಗಿಂತ ಮೊದಲು ಕಾಣಿಸುವುದು ರಸ್ತೆಯ ಇಕ್ಕಟ್ಟು.

ಮ್ಯಾರಥಾನಿಗೂ ಚಂದಾ ಎತ್ತುವುದಕ್ಕೂ ನಂಟು ಬೆಳೆದದ್ದು ಈಚೆಗಷ್ಟೇ ಎಂಬ ತಿಳಿವಳಿಕೆ ಸಾಮಾನ್ಯವಾಗಿದ್ದರೂ, ಆ ನಂಟಿನ ಮೊದಲ ಕುರುಹು ಇದೇ ಲಂಡನ್ನಿನಲ್ಲಿ 1908ರ ಒಲಿಂಪಿಕ್ಸ್‌ನಲ್ಲೇ ಸಿಗುತ್ತದೆ. ಆ ವರ್ಷದ ಓಟವನ್ನು ವಿಂಡ್ಸರ್ ಅರಮನೆಯ ಅಂಗಳದಿಂದ ಹೊರಡಿಸಿ ವೈಟ್ ಸಿಟಿ ಕ್ರೀಡಾಂಗಣದಲ್ಲಿ ರಾಜಪರಿವಾರದ ಆಸನದ ಎದುರು ಮುಗಿಸಿದ್ದರಿಂದ ಒಟ್ಟು ದೂರ 26 ಮೈಲಿ 385 ಗಜವಾಯಿತು. ರಾಜಮನೆತನದ ಅನುಕೂಲಕ್ಕೆ ಹುಟ್ಟಿದ ಈ ವಿಚಿತ್ರ ಅಳತೆಯೇ 1921ರಲ್ಲಿ ಜಗತ್ತಿನ ಅಧಿಕೃತ ಅಳತೆಯೂ ಆಗಿ, ಈಗಿನ ಪ್ರತಿಯೊಬ್ಬ ಓಟಗಾರನೂ ಕೊನೆಯ 385 ಗಜಗಳನ್ನು ಶಪಿಸುತ್ತ ಓಡುವಂತಾಗಿದೆ. ಅಂದು ಮೊದಲಿಗನಾಗಿ ಕ್ರೀಡಾಂಗಣ ಹೊಕ್ಕ ಇಟಲಿಯ ಡೊರಾಂಡೊ ಪಿಯೆತ್ರಿ ಎಂಬ ಮಿಠಾಯಿಗಾರ ದಿಕ್ಕುತಪ್ಪಿ, ಮತ್ತೆ ಮತ್ತೆ ಕುಸಿದು, ಅಧಿಕಾರಿಗಳ ಕೈ ಆಸರೆಯಲ್ಲಿ ಗೆರೆ ದಾಟಿದನು; ಪರಸಹಾಯ ಪಡೆದನೆಂಬ ಕಾರಣಕ್ಕೆ ಅವನನ್ನು ಅನರ್ಹಗೊಳಿಸಿ ಚಿನ್ನದ ಪದಕವನ್ನು ಅಮೆರಿಕದ ಜಾನಿ ಹೇಯ್ಸ್‌ಗೆ ಕೊಡಲಾಯಿತು. ರಾಣಿ ಅಲೆಕ್ಸಾಂಡ್ರಾ ಮರುದಿನ ಪಿಯೆತ್ರಿಗೆ ಬೆಳ್ಳಿಯ ಬಟ್ಟಲೊಂದನ್ನು ಕೊಟ್ಟ ಸಂಗತಿ ಎಲ್ಲ ಪುಸ್ತಕಗಳಲ್ಲೂ ಇದೆ. ಡೈಲಿ ಮೇಲ್ ಪತ್ರಿಕೆಗಾಗಿ ಆ ಓಟವನ್ನು ವರದಿ ಮಾಡಿದ್ದ ಆರ್ಥರ್ ಕಾನನ್ ಡಾಯ್ಲ್, ಷೆರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ, ಆ ಬಡ ಓಟಗಾರ ಊರಿನಲ್ಲಿ ಬೇಕರಿಯೊಂದನ್ನು ತೆರೆಯಲಿ ಎಂದು ತಾನೂ 5 ಪೌಂಡ್ ಹಾಕಿ ಓದುಗರ ಮುಂದೆ ಜೋಳಿಗೆ ಹಿಡಿದ ಸಂಗತಿ ಅಷ್ಟು ಪ್ರಸಿದ್ಧವಲ್ಲ. ಕೂಡಿದ ಹಣ 300 ಪೌಂಡ್ ಮೀರಿತು. ಪಿಯೆತ್ರಿ ಆ ಬಳಿಕ ವೃತ್ತಿಪರ ಓಟಗಾರನಾಗಿ ಅಮೆರಿಕದಲ್ಲಿ ಒಳ್ಳೆಯ ಸಂಪಾದನೆ ಮಾಡಿದನು, ಅಣ್ಣನೊಡನೆ ಹೂಡಿದ ಹೋಟೆಲಿನಲ್ಲಿ ಅದನ್ನು ಕಳೆದುಕೊಂಡನು, ಕೊನೆಗೆ ಸಾನ್ ರೆಮೊ ಪಟ್ಟಣದಲ್ಲಿ ಮೋಟಾರು ಗ್ಯಾರೇಜು ನಡೆಸಿದನು. ಕೊಟ್ಟವರ ಕಣ್ಣ ಮುಂದೆ ಇದ್ದದ್ದು ಬೇಕರಿಯಲ್ಲ, ಧೂಳಿನಲ್ಲಿ ಬಿದ್ದೇಳುತ್ತಿದ್ದ ಒಂದು ದೇಹ. ಮುಂದಿನ ಶತಮಾನದ ದಾನದ ಓಟಗಳ ಬಲವೂ ದೋಷವೂ ಈ ಒಂದು ಪ್ರಸಂಗದಲ್ಲೇ ಮೊಳೆತಿವೆ ಎನ್ನಬಹುದು.

ಇಂದಿನ ಲಂಡನ್ ಮ್ಯಾರಥಾನನ್ನು ಕಟ್ಟಿದವರು ಕ್ರಿಸ್ ಬ್ರಾಶರ್ ಮತ್ತು ಜಾನ್ ಡಿಸ್ಲೆ ಎಂಬ ಇಬ್ಬರು ಹಳೆಯ ಸ್ಟೀಪಲ್‌ಚೇಸ್ ಓಟಗಾರರು. ಸ್ಟೀಪಲ್‌ಚೇಸ್ ಎಂದರೆ ಅಡ್ಡಪಟ್ಟಿಗಳನ್ನೂ ನೀರಿನ ಹೊಂಡವನ್ನೂ ಹಾರಿ ಓಡುವ ಸ್ಪರ್ಧೆ. ಡಿಸ್ಲೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು, ಬ್ರಾಶರ್ 1956ರ ಮೆಲ್ಬರ್ನ್‌ನಲ್ಲಿ ಚಿನ್ನ ಗೆದ್ದವರು. 1954ರ ಮೇ 6ರಂದು ರೋಜರ್ ಬ್ಯಾನಿಸ್ಟರ್ ನಾಲ್ಕು ನಿಮಿಷದೊಳಗೆ ಮೈಲಿ ಓಡಿದಾಗ ಅವರ ಮುಂದೆ ವೇಗ ಹಿಡಿದು ಓಡಿಕೊಟ್ಟ ಇಬ್ಬರಲ್ಲಿ ಒಬ್ಬರೂ ಬ್ರಾಶರ್ ಅವರೇ. 1979ರಲ್ಲಿ ಈ ಗೆಳೆಯರು ನ್ಯೂಯಾರ್ಕ್ ಮ್ಯಾರಥಾನಿನಲ್ಲಿ ಓಡಿ ಬಂದರು. 1970ರಲ್ಲಿ ಸೆಂಟ್ರಲ್ ಪಾರ್ಕಿನೊಳಗೆ 127 ಮಂದಿಯಿಂದ ಆರಂಭವಾಗಿ 1976ರಲ್ಲಿ ಐದೂ ಬಡಾವಣೆಗಳ ಬೀದಿಗೆ ಬಂದಿದ್ದ ಆ ಓಟದಲ್ಲಿ ಸ್ಪರ್ಧಿಗಳಿಗಿಂತ ಇಕ್ಕೆಲದ ಜನರೇ ಬ್ರಾಶರ್ ಅವರ ಗಮನ ಸೆಳೆದರು. ಲಂಡನ್ನಿಗೂ ಇಂಥದೊಂದು ಹಬ್ಬ ಮಾಡುವ ತಾಕತ್ತಿದೆಯೇ ಎಂಬ ಪ್ರಶ್ನೆಯನ್ನು ಅವರು ಅಬ್ಸರ್ವರ್ ಪತ್ರಿಕೆಯ ಲೇಖನವೊಂದರಲ್ಲಿ ಎತ್ತಿದರು. ನಗರಾಡಳಿತ ಒಪ್ಪಿತು, ಆದರೆ ತೆರಿಗೆದಾರರ ಒಂದು ಪೆನ್ನಿಯನ್ನೂ ಕೇಳಕೂಡದು ಎಂಬ ಷರತ್ತಿನ ಮೇಲೆ. ಕ್ಷೌರದ ಬ್ಲೇಡಿನ ಕಂಪನಿಯಾದ ಜಿಲೆಟ್ 75,000 ಪೌಂಡ್ ಪ್ರಾಯೋಜಕತ್ವ ಕೊಟ್ಟಿತು. 1981ರ ಮಾರ್ಚ್ 29ರ ಮಳೆಯಲ್ಲಿ ನಡೆದ ಮೊದಲ ಓಟಕ್ಕೆ 20,000ಕ್ಕೂ ಹೆಚ್ಚು ಅರ್ಜಿ ಬಂದಿದ್ದವು. ಸ್ಥಾನ ಸಿಕ್ಕಿದ್ದು ಏಳೂವರೆ ಸಾವಿರಕ್ಕೆ ತುಸು ಮೇಲ್ಪಟ್ಟವರಿಗೆ, ಗುರಿ ಮುಟ್ಟಿದವರು 6,255. ಅಮೆರಿಕದ ಡಿಕ್ ಬಿಯರ್ಡ್ಸ್‌ಲಿ ಮತ್ತು ನಾರ್ವೆಯ ಇಂಗ ಸೈಮನ್ಸನ್ ಕೈಕೈ ಹಿಡಿದು ಒಟ್ಟಿಗೆ ಗೆರೆ ದಾಟಿ ಮೊದಲ ಸ್ಥಾನವನ್ನು ಹಂಚಿಕೊಂಡದ್ದು ಆ ದಿನದ ಚಿತ್ರವಾಗಿ ಉಳಿಯಿತು. ಈ ಲೇಖನದ ವಿಷಯಕ್ಕೆ ಅದಕ್ಕಿಂತ ಮುಖ್ಯವಾದದ್ದು ಅರ್ಜಿಗೂ ಸ್ಥಾನಕ್ಕೂ ನಡುವೆ ಮೊದಲ ವರ್ಷವೇ ಬಿದ್ದ ಅಂತರ.

ಸ್ಥಾಪಕರು ಬರೆದಿಟ್ಟುಕೊಂಡ ಆರು ಉದ್ದೇಶಗಳಲ್ಲಿ ಲಂಡನ್ನಿನ ಆಟದ ಬಯಲು ಮತ್ತು ವಿಹಾರ ಸೌಕರ್ಯಗಳಿಗೆ ಹಣ ಕೂಡಿಸುವುದು ಒಂದು. ಓಟದಲ್ಲಿ ಉಳಿದ ಲಾಭವೆಲ್ಲ ಪ್ರತ್ಯೇಕ ದತ್ತಿಯೊಂದಕ್ಕೆ ಹೋಗಬೇಕೆಂದು ಆಗಲೇ ಗೊತ್ತುಮಾಡಲಾಯಿತು. ಈಗ ಲಂಡನ್ ಮ್ಯಾರಥಾನ್ ಫೌಂಡೇಶನ್ ಎಂಬ ಹೆಸರಿನ ಆ ದತ್ತಿ ಇಲ್ಲಿಯವರೆಗೆ 10 ಕೋಟಿ ಪೌಂಡಿಗೂ ಹೆಚ್ಚನ್ನು ಆಟದ ಮೈದಾನ, ಈಜುಕೊಳ, ಓಟದ ಹಾದಿಗಳಿಗೆ ಹಂಚಿದೆ. ಈ ಹಣವನ್ನೂ ಓಟಗಾರರು ಎತ್ತುವ ಹಣವನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯ ತಪ್ಪು. ಮೊದಲನೆಯದು ಆಯೋಜಕರ ಪೆಟ್ಟಿಗೆಯಿಂದ ಬರುವ ಮಿಗತೆ. ಎರಡನೆಯದು ಆಯೋಜಕರ ಪೆಟ್ಟಿಗೆಯನ್ನು ಮುಟ್ಟದೆ, ಓಟಗಾರನ ನಂಟರಿಷ್ಟರ ಕೈಯಿಂದ ನೇರವಾಗಿ ಅವನು ಆರಿಸಿಕೊಂಡ ಸೇವಾಸಂಸ್ಥೆಗೆ ಹರಿಯುವ ಹಣ. 130 ಕೋಟಿ ಪೌಂಡಿನ ಲೆಕ್ಕ ಈ ಎರಡನೆಯದರದು.

ಎರಡನೆಯ ಹೊಳೆ ಇಷ್ಟು ತುಂಬಿ ಹರಿಯಲು ಕಾರಣವಾದದ್ದು 1993ರಲ್ಲಿ ಜಾರಿಗೆ ಬಂದ ‘ಗೋಲ್ಡನ್ ಬಾಂಡ್’ ಎಂಬ ಏರ್ಪಾಡು. ಗ್ರೀನಿಚ್ ಮತ್ತು ಬ್ಲ್ಯಾಕ್‌ಹೀತ್ ಬಯಲಿನಿಂದ ಹೊರಟು, ಕಟಿ ಸಾರ್ಕ್ ಹಡಗನ್ನು ಬಳಸಿ, ಟವರ್ ಸೇತುವೆ ದಾಟಿ, ಥೇಮ್ಸ್ ನದಿಯ ದಂಡೆಯಗುಂಟ ದಿ ಮಾಲ್ ರಾಜಬೀದಿಯವರೆಗೆ ಸಾಗುವ ದಾರಿ ಎಷ್ಟು ಅಗಲವೋ ಅಷ್ಟೇ ಜನ ಓಡಬಲ್ಲರು; ಹಣವಿದೆಯೆಂದು ಟವರ್ ಸೇತುವೆಯನ್ನು ಅಗಲ ಮಾಡಲಾಗದು. ಹೀಗಾಗಿ ಸಾರ್ವಜನಿಕರಿಗೆ ಚೀಟಿ ಎತ್ತಿ ಸ್ಥಾನ ಕೊಡುವ ಪದ್ಧತಿ ಬಂದಿತು, ಇದನ್ನು ಅಲ್ಲಿನವರು ಬ್ಯಾಲಟ್ ಎನ್ನುತ್ತಾರೆ. 2025ರ ಓಟದ ಚೀಟಿಗೆ 8,40,318 ಅರ್ಜಿಗಳು ಬಂದರೆ 2026ರ ಓಟಕ್ಕೆ 11,33,813 ಬಂದವು. 2025ರಲ್ಲಿ ಗುರಿ ಮುಟ್ಟಿದವರ ಸಂಖ್ಯೆಗೆ ಇದು ಇಪ್ಪತ್ತು ಪಟ್ಟು. ಚೀಟಿಯಲ್ಲಿ ಹೆಸರು ಬರದವನ ಮುಂದೆ ಉಳಿಯುವ ಬಾಗಿಲುಗಳಲ್ಲಿ ದೊಡ್ಡದು ಸೇವಾಸಂಸ್ಥೆಯದು. ಗೋಲ್ಡನ್ ಬಾಂಡ್ ಏರ್ಪಾಡಿನಂತೆ ಸಂಸ್ಥೆಯೊಂದು ಗೊತ್ತಾದ ಸಂಖ್ಯೆಯ ಸ್ಥಾನಗಳನ್ನು ಐದು ವರ್ಷಗಳ ಮಟ್ಟಿಗೆ, ಸಾಮಾನ್ಯ ಪ್ರವೇಶಧನಕ್ಕಿಂತ ಹೆಚ್ಚಿನ ಬೆಲೆಗೆ, ಆಯೋಜಕರಿಂದ ಮುಂಗಡವಾಗಿ ಕೊಳ್ಳುತ್ತದೆ. ಒಂದೊಂದು ಸ್ಥಾನವನ್ನೂ ಇಂತಿಷ್ಟು ಹಣ, ಸಾಧಾರಣವಾಗಿ 2,000 ಪೌಂಡಿನ ಆಸುಪಾಸು, ಎತ್ತಿಕೊಡುತ್ತೇನೆ ಎಂದು ಮಾತು ಕೊಟ್ಟ ಓಟಗಾರನಿಗೆ ಒಪ್ಪಿಸುತ್ತದೆ. ಸಣ್ಣ ಸಂಸ್ಥೆಗಳಿಗಾಗಿ ಐದು ವರ್ಷಕ್ಕೊಂದು ಸ್ಥಾನ ಕೊಡುವ ‘ಸಿಲ್ವರ್ ಬಾಂಡ್’ ಎಂಬುದೂ ಹುಟ್ಟಿಕೊಂಡಿತು.

ಈ ಏರ್ಪಾಡಿನ ಜಾಣತನವನ್ನು ನಿಧಾನವಾಗಿ ಬಿಡಿಸಿ ನೋಡಬೇಕು. ಆಯೋಜಕರಿಗೆ ಸ್ಥಾನಗಳ ಒಂದು ಪಾಲು ವರ್ಷಗಳ ಮೊದಲೇ ಮಾರಾಟವಾಗಿ ಆದಾಯ ಭದ್ರವಾಗುತ್ತದೆ. ಸೇವಾಸಂಸ್ಥೆ ಕೆಲವು ನೂರು ಪೌಂಡ್ ತೊಡಗಿಸಿ ಅದರ ಹಲವು ಪಟ್ಟನ್ನು ಮರಳಿ ಪಡೆಯುತ್ತದೆ. ಜಾಹೀರಾತು ಕೊಟ್ಟೋ ಬೀದಿಯಲ್ಲಿ ಡಬ್ಬಿ ಕುಲುಕಿಯೋ ಇಷ್ಟು ಫಲ ತೆಗೆಯುವುದು ಕಷ್ಟ. ಓಟಗಾರನಿಗೆ ಲಕ್ಷಾಂತರ ಜನ ಬಯಸಿಯೂ ಪಡೆಯಲಾಗದ ಸಂಖ್ಯೆಯ ಚೀಟಿ, ಓಟಗಾರರ ಮಾತಿನಲ್ಲಿ ಬಿಬ್, ಎದೆಯ ಮೇಲೆ ಬರುತ್ತದೆ. ಹಣ ಕೊಡುವವರು ಮಾತ್ರ ಈ ಮೂವರಲ್ಲಿ ಯಾರೂ ಅಲ್ಲ. ಓಟಗಾರನ ಸಹೋದ್ಯೋಗಿ, ಅತ್ತೆ, ಶಾಲೆಯ ಗೆಳೆಯ, ಪಕ್ಕದ ಮನೆಯವರು, ಇವರು ಕೊಡುತ್ತಾರೆ; ಆಯೋಜಕರೂ ಸಂಸ್ಥೆಯೂ ಜಾಹೀರಾತಿನಿಂದ ಎಂದೂ ತಲುಪಲಾಗದ ಈ ಜನರನ್ನು ತಲುಪುವ ಹೊಣೆಯನ್ನು ಓಟಗಾರ ಸಂಬಳವಿಲ್ಲದೆ ಹೊರುತ್ತಾನೆ. ರಸ್ತೆಯ ಇಕ್ಕಟ್ಟನ್ನು ಸ್ಥಾನದ ಬೆಲೆಯಾಗಿ, ಸ್ಥಾನದ ಬೆಲೆಯನ್ನು ಪರಿಚಯದ ದಾಕ್ಷಿಣ್ಯವಾಗಿ, ದಾಕ್ಷಿಣ್ಯವನ್ನು ಹಣವಾಗಿ ಮಾರ್ಪಡಿಸುವ ಯಂತ್ರವೆಂದು ಇದನ್ನು ಕರೆದರೆ ಕಟುವೆನಿಸಬಹುದಾದರೂ ತಪ್ಪಾಗದು.

ಇದೇ ಯುಕ್ತಿ ಅಮೆರಿಕದಲ್ಲಿ ಬೇರೆ ದಾರಿಯಿಂದ ಬಂದಿತ್ತು. ಲ್ಯುಕೇಮಿಯಾ, ಎಂದರೆ ರಕ್ತದ ಕ್ಯಾನ್ಸರ್, ತಗಲಿದ ಮಗಳ ತಂದೆಯಾದ ಬ್ರೂಸ್ ಕ್ಲೀಲೆಂಡ್ 1988ರಲ್ಲಿ 38 ಮಂದಿಯ ತಂಡ ಕಟ್ಟಿ ನ್ಯೂಯಾರ್ಕ್ ಮ್ಯಾರಥಾನ್ ಓಡಿಸಿ, ಆ ರೋಗದ ವಿರುದ್ಧ ದುಡಿಯುವ ಸಂಸ್ಥೆಗೆ 3,22,000 ಡಾಲರ್ ಕೂಡಿಸಿಕೊಟ್ಟರು. ಅರ್ಹತಾ ವೇಗವಿಲ್ಲದವರನ್ನು ಬಾಗಿಲಲ್ಲೇ ತಡೆಯುತ್ತಿದ್ದ ಬಾಸ್ಟನ್ ಮ್ಯಾರಥಾನ್ ಕೂಡ 1989ರಲ್ಲಿ ಯಕೃತ್ತಿನ ರೋಗಗಳ ಸಂಸ್ಥೆಯೊಂದಕ್ಕೆ ಸ್ಥಾನ ಕೊಟ್ಟು ದಾನದ ದಾರಿಗೆ ಬಂದಿತು.

ಬ್ರಿಟನ್ನಿನ ತೆರಿಗೆ ಪದ್ಧತಿ ಈ ಯಂತ್ರಕ್ಕೆ ಎಣ್ಣೆ ಹಾಕಿದೆ. 1990ರಲ್ಲಿ ಬಂದ ‘ಗಿಫ್ಟ್ ಏಡ್’ ಎಂಬ ನಿಯಮದಂತೆ, ಆದಾಯ ತೆರಿಗೆ ಕಟ್ಟುವವನು ಒಂದು ಪೌಂಡ್ ದಾನ ಕೊಟ್ಟರೆ ಸಂಸ್ಥೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಪಡೆಯುತ್ತದೆ. ಮೊದಲಿಗೆ ದೊಡ್ಡ ಮೊತ್ತಗಳಿಗೆ ಮಾತ್ರ ಅನ್ವಯವಾಗುತ್ತಿದ್ದ ಈ ನಿಯಮದ ಕನಿಷ್ಠ ಮಿತಿಯನ್ನು 2000ದಲ್ಲಿ ತೆಗೆದುಹಾಕಿದ ಮೇಲೆ ಐದು ಹತ್ತು ಪೌಂಡಿನ ಸಣ್ಣ ಕಾಣಿಕೆಗೂ ಅದು ಸಿಗುವಂತಾಯಿತು. ಹೆಚ್ಚುಕಡಿಮೆ ಆ ಹೊತ್ತಿಗೇ ಜಸ್ಟ್‌ಗಿವಿಂಗ್‌ನಂಥ ಜಾಲತಾಣಗಳು ಹುಟ್ಟಿ, ಕಚೇರಿಯ ಮೇಜಿನಿಂದ ಮೇಜಿಗೆ ಕಾಗದದ ಪಟ್ಟಿ ಹಿಡಿದು ಅಲೆಯುತ್ತಿದ್ದ ಕಾಲ ಮುಗಿಯಿತು. ಕಾಗದದ ಪಟ್ಟಿಯಲ್ಲೂ ಜಾಲತಾಣದಲ್ಲೂ ಒಂದು ಗುಣ ಸಮಾನವಾಗಿದೆ: ಹಿಂದಿನವರು ಎಷ್ಟು ಕೊಟ್ಟರೆಂಬುದು ಮುಂದಿನವರ ಕಣ್ಣಿಗೆ ಬೀಳುತ್ತದೆ.

ಈ ಗುಣವನ್ನು ವಿದ್ವಾಂಸರು ಅಳೆದು ನೋಡಿದ್ದಾರೆ. ಸೇರಾ ಸ್ಮಿತ್ ಮತ್ತು ಸಂಗಡಿಗ ಅರ್ಥಶಾಸ್ತ್ರಜ್ಞರು 2010ರ ಲಂಡನ್ ಮ್ಯಾರಥಾನಿನ ಸಾವಿರಾರು ಓಟಗಾರರ ದಾನದ ಪುಟಗಳನ್ನು ಪರಿಶೀಲಿಸಿ, ಅದುವರೆಗಿನ ಕಾಣಿಕೆಗಳ ಸರಾಸರಿ 10 ಪೌಂಡ್ ಏರಿದರೆ ಮುಂದೆ ಬರುವವನ ಕಾಣಿಕೆ ಸುಮಾರು ಎರಡೂವರೆ ಪೌಂಡ್ ಏರುತ್ತದೆ ಎಂದು ಕಂಡುಕೊಂಡರು. ಕನ್ನಡ ನಾಡಿನ ಮದುವೆ ಮನೆಯಲ್ಲಿ ಮುಯ್ಯಿಯ ಪುಸ್ತಕ ಹಿಡಿದು ಕೂತವರಿಗೆ ಈ ಸಂಶೋಧನೆ ಹೊಸದೇನನ್ನೂ ಹೇಳುವುದಿಲ್ಲ. ಮುಯ್ಯಿ ಬರೆಸುವವನು ಮೇಲಿನ ನಾಲ್ಕು ಸಾಲು ಓದಿಯೇ ಜೇಬಿಗೆ ಕೈ ಹಾಕುತ್ತಾನೆ. ತನ್ನ ಮನೆಯ ಕಾರ್ಯಕ್ಕೆ ಅವರು ಎಷ್ಟು ಕೊಟ್ಟಿದ್ದರೆಂಬುದನ್ನೂ ನೆನೆಯುತ್ತಾನೆ. ಮ್ಯಾರಥಾನಿನ ದಾನದಲ್ಲೂ ಮರುಮುಯ್ಯಿ ಉಂಟು: ಈ ವರ್ಷ ಸಹೋದ್ಯೋಗಿಯ ಓಟಕ್ಕೆ 20 ಪೌಂಡ್ ಕೊಟ್ಟವನು ಮುಂದಿನ ವರ್ಷ ತಾನು ಓಡುವಾಗ ಅದೇ 20 ಪೌಂಡನ್ನು ನಿರೀಕ್ಷಿಸುತ್ತಾನೆ, ಮತ್ತು ಸಾಮಾನ್ಯವಾಗಿ ಪಡೆಯುತ್ತಾನೆ. ನಿಕೋಲಾ ರೈಹಾನಿ ಮತ್ತು ಸೇರಾ ಸ್ಮಿತ್ 2014ರ ಓಟದ ಪುಟಗಳನ್ನು ಆಧರಿಸಿ ಮಾಡಿದ ಮತ್ತೊಂದು ಅಧ್ಯಯನದ ಫಲಿತಾಂಶ ಗಂಡಸರನ್ನು ನಗೆಪಾಟಲಿಗೆ ಈಡುಮಾಡುವಂಥದು. ಚೆಲುವಾಗಿ ಕಾಣುವ ಓಟಗಾರ್ತಿಯ ಪುಟದಲ್ಲಿ ಒಬ್ಬ ಗಂಡಸು ದೊಡ್ಡ ಮೊತ್ತ ಕೊಟ್ಟಿದ್ದರೆ, ಅವನ ಬೆನ್ನಿಗೇ ಬರುವ ಗಂಡಸರು ಇತರ ಸಂದರ್ಭಗಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಏರಿಸಿ ಕೊಡುತ್ತಿದ್ದರು. ಹೆಂಗಸರಲ್ಲಿ ಇಂಥ ಪೈಪೋಟಿ ಕಾಣಲಿಲ್ಲ.

ಇವೆಲ್ಲಕ್ಕಿಂತ ಆಳವಾದ ಪ್ರಶ್ನೆ ಬೇರೆ. ದಾನ ಕೇಳಲು ಓಡಲೇಕೆ ಬೇಕು? ಸುಮ್ಮನೆ ಕೇಳಿದರೆ, ಅಥವಾ ಒಳ್ಳೆಯ ಊಟ ಹಾಕಿ ಕೇಳಿದರೆ ಸಾಲದೆ? ಕ್ರಿಸ್ಟೋಫರ್ ಓಲಿವೋಲಾ ಮತ್ತು ಎಲ್ಡಾರ್ ಶಾಫಿರ್ ಎಂಬ ಮನೋವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಸುಖವಾದ ವನಭೋಜನಕ್ಕಿಂತ ಶ್ರಮದ ಓಟಕ್ಕೆ ಜನ ಹೆಚ್ಚು ದಾನ ಕೊಡಲು ಸಿದ್ಧರಿರುವುದು ಕಂಡುಬಂದಿತು. ಇದಕ್ಕೆ ಅವರು ಹುತಾತ್ಮತೆಯ ಪರಿಣಾಮವೆಂಬ ಅರ್ಥದ ಹೆಸರಿಟ್ಟರು. ಹಣ ಹೋಗುವ ಕಾರ್ಯವೂ ಮನುಷ್ಯರ ನೋವಿಗೆ ಸಂಬಂಧಿಸಿದ್ದಾದರೆ ಈ ಪರಿಣಾಮ ಇನ್ನಷ್ಟು ಬಲವಾಗುತ್ತದೆ, ಉದ್ಯಾನ ನಿರ್ಮಾಣದಂಥ ಸುಖದ ಕಾರ್ಯವಾದರೆ ಕುಗ್ಗುತ್ತದೆ. ಕುಕ್ಕೆಯ ಬೀದಿಯಲ್ಲಿ ಉರುಳು ಸೇವೆ ಮಾಡುವವರನ್ನೂ ಬರಿಗಾಲಲ್ಲಿ ಧರ್ಮಸ್ಥಳಕ್ಕೆ ನಡೆಯುವವರನ್ನೂ ಕಂಡ ಸಮಾಜಕ್ಕೆ ಇದರ ತರ್ಕ ಕೂಡಲೇ ಹೊಳೆಯುತ್ತದೆ. ಹರಕೆಯಲ್ಲಿ ಮುಡಿಪಿನ ಹಣ ಒಂದು ಪಾಲಾದರೆ ಮೈಗೆ ಕೊಡುವ ದಂಡನೆ ಇನ್ನೊಂದು ಪಾಲು. ಎರಡನೆಯದು ಮೊದಲನೆಯದರ ಪ್ರಾಮಾಣಿಕತೆಗೆ ಸಾಕ್ಷಿ. ಒಂದು ವ್ಯತ್ಯಾಸವಿದೆ. ಹರಕೆಯಲ್ಲಿ ದೇಹ ದಂಡಿಸಿಕೊಳ್ಳುವವನೂ ಹಣ ತೆರುವವನೂ ಒಬ್ಬನೇ. ಮ್ಯಾರಥಾನಿನಲ್ಲಿ ದೇಹ ಒಬ್ಬನದು, ಹಣ ಇನ್ನೊಬ್ಬರದು.

ದಂಡನೆಯನ್ನು ಎದ್ದುಕಾಣುವಂತೆ ಮಾಡುವ ಆಸೆಯಿಂದಲೇ ಲಂಡನ್ ಮ್ಯಾರಥಾನಿನ ವೇಷಗಳು ಹುಟ್ಟಿರಬೇಕು. ಘೇಂಡಾಮೃಗಗಳ ರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದರ ಪರವಾಗಿ 1992ರಿಂದ ಈಚೆಗೆ ಓಡುತ್ತಿರುವ ಘೇಂಡಾಮೃಗದ ವೇಷಗಳು ಅಲ್ಲಿನ ಜಾತ್ರೆಯ ಗುರುತೇ ಆಗಿವೆ. ಕನ್ನಡ ರಂಗಭೂಮಿಗೂ ಪರಿಚಿತನಾದ ಅಯನೆಸ್ಕೊನ ನಾಟಕವನ್ನು ಆಧರಿಸಿದ ಸಂಗೀತ ನಾಟಕವೊಂದಕ್ಕೆ ವ್ಯಂಗ್ಯಚಿತ್ರಕಾರ ಜೆರಾಲ್ಡ್ ಸ್ಕಾರ್ಫ್ ರೂಪಿಸಿದ್ದ ಈ ವೇಷಗಳು ಅಸಂಗತ ನಾಟಕದಿಂದ ಬೀದಿಗಿಳಿದು ಸಂಗತವಾದ ಕೆಲಸಕ್ಕೆ ಒದಗಿದ್ದು ಒಂದು ಸ್ವಾರಸ್ಯ. ಸ್ವತಃ ಲ್ಯುಕೇಮಿಯಾದಿಂದ ಪಾರಾಗಿದ್ದ ಮಾಜಿ ಅಗ್ನಿಶಾಮಕ ಸಿಬ್ಬಂದಿ ಲಾಯ್ಡ್ ಸ್ಕಾಟ್ 2002ರಲ್ಲಿ ಸುಮಾರು 59 ಕಿಲೋ ತೂಕದ ಹಳೆಯ ಕಾಲದ ಮುಳುಗುಗಾರರ ಉಡುಪನ್ನೂ ಸೀಸದ ಬೂಟನ್ನೂ ತೊಟ್ಟು, ಹೆಜ್ಜೆ ಹೆಜ್ಜೆಗೆ ನಿಲ್ಲುತ್ತ, ಐದು ದಿನಗಳಿಗೂ ಹೆಚ್ಚು ಕಾಲ ನಡೆದು ಗುರಿ ಮುಟ್ಟಿದರು. ಮ್ಯಾರಥಾನ್ ಎಂಬುದು ವೇಗದ ಸ್ಪರ್ಧೆಯಾಗಿದ್ದ ಕಾಲದಿಂದ ಎಷ್ಟು ದೂರ ಬಂದಿದೆ ಎಂಬುದಕ್ಕೆ ಆ ಐದು ದಿನಗಳೇ ಅಳತೆ. 2003ರಲ್ಲಿ ಇದೇ ದಾರಿಯನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿದ ಪೌಲಾ ರ‍್ಯಾಡ್‌ಕ್ಲಿಫ್ ಅವರ ವಿಶ್ವದಾಖಲೆ ಹದಿನಾರು ವರ್ಷ ಉಳಿಯಿತು; ಬೀದಿಯ ಇಕ್ಕೆಲದ ಜನ ನೆನೆಯುವುದು ಎರಡನ್ನೂ.

ಭಾರತೀಯ ಮೂಲದವರಲ್ಲಿ ಈ ಓಟದ ಹೆಸರಿನೊಡನೆ ಅಂಟಿಕೊಂಡವರು ಫೌಜಾ ಸಿಂಗ್. ಪಂಜಾಬಿನ ಬಿಯಾಸ್ ಪಿಂಡ್ ಗ್ರಾಮದ ಈ ರೈತ, ಮನೆಯವರ ಸಾವುಗಳಿಂದ ಕಂಗೆಟ್ಟು ಇಂಗ್ಲೆಂಡಿನಲ್ಲಿದ್ದ ಮಗನ ಬಳಿಗೆ ಹೋಗಿ, ಪಾಸ್‌ಪೋರ್ಟಿನ ಪ್ರಕಾರ 89ನೇ ವಯಸ್ಸಿನಲ್ಲಿ, 2000ದ ಲಂಡನ್ ಮ್ಯಾರಥಾನನ್ನು 6 ಗಂಟೆ 54 ನಿಮಿಷಗಳಲ್ಲಿ ಓಡಿದರು. ಅವರು ಓಡಿದ್ದು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಆರೈಕೆಗಾಗಿ ದುಡಿಯುವ ಬ್ಲಿಸ್ ಎಂಬ ಸಂಸ್ಥೆಗಾಗಿ. ಎಲ್ಲರಿಗಿಂತ ಹಿರಿಯನು ಎಲ್ಲರಿಗಿಂತ ಕಿರಿಯರಿಗಾಗಿ ಓಡಿದನೆಂಬ ಚಿತ್ರ ಜನರ ಮನಸ್ಸಿನಲ್ಲಿ ಉಳಿಯಿತು. ಹುಟ್ಟಿದ ದಿನದ ಪ್ರಮಾಣಪತ್ರವಿಲ್ಲವೆಂದು ಗಿನ್ನೆಸ್ ಪುಸ್ತಕ ಅವರ ವಯಸ್ಸನ್ನು ಒಪ್ಪಲಿಲ್ಲ. ಹಿಂದಿನ ತಲೆಮಾರಿನ ಹಳ್ಳಿಗರಲ್ಲಿ ಎಷ್ಟು ಮಂದಿಗೆ ಆ ಪತ್ರ ಇತ್ತೆಂಬುದನ್ನು ಆ ಪುಸ್ತಕದವರು ಯೋಚಿಸಿದಂತಿಲ್ಲ. ಫೌಜಾ ಸಿಂಗ್ 2025ರ ಜುಲೈ 14ರಂದು ತಮ್ಮ ಊರಿನ ರಸ್ತೆಯಲ್ಲಿ ವಾಹನ ಡಿಕ್ಕಿಯಾಗಿ ತೀರಿಕೊಂಡರು.

ದಾನ ಓಟಗಾರನನ್ನು ನೋಡಿ ಬರುತ್ತದೆಯೇ ಹೊರತು ಕಾರ್ಯವನ್ನು ನೋಡಿ ಬರುವುದಿಲ್ಲ ಎಂಬುದಕ್ಕೆ ಕರುಣಾಜನಕವಾದ ನಿದರ್ಶನ 2012ರದು. ಆ ವರ್ಷ ಗುರಿಗೆ ಒಂದು ಮೈಲಿಯೂ ಇಲ್ಲದಿರುವಾಗ ಓಟಗಾರ್ತಿಯೊಬ್ಬರು ಕುಸಿದು ಮೃತಪಟ್ಟರು. ಬದುಕಿನಲ್ಲಿ ಭರವಸೆ ಕಳೆದುಕೊಂಡವರ ಮಾತನ್ನು ದೂರವಾಣಿಯಲ್ಲಿ ಆಲಿಸುವ ಸಮ್ಯಾರಿಟನ್ಸ್ ಸಂಸ್ಥೆಗಾಗಿ ಅವರು ಅದುವರೆಗೆ ಕೂಡಿಸಿದ್ದದ್ದು ಸುಮಾರು 500 ಪೌಂಡ್. ಸುದ್ದಿ ಹರಡಿದ ಮೇಲೆ, ಅವರ ಮುಖವನ್ನೇ ಕಾಣದಿದ್ದ ಅಪರಿಚಿತರಿಂದ ಅದೇ ಪುಟಕ್ಕೆ ಹತ್ತು ಲಕ್ಷ ಪೌಂಡಿನಷ್ಟು ಹಣ ಬಂದು ಬಿದ್ದಿತು. ಸಮ್ಯಾರಿಟನ್ಸ್‌ನ ಕೆಲಸ ಹಿಂದಿನ ವಾರವೂ ಅಷ್ಟೇ ಅಗತ್ಯದ್ದಾಗಿತ್ತು. ಪಿಯೆತ್ರಿಗೆ ಕೊಟ್ಟವರಿಗೂ ಈ ಅಪರಿಚಿತ ದಾನಿಗಳಿಗೂ ನಡುವೆ 104 ವರ್ಷಗಳಿವೆ.

ಈ ಮಾದರಿಯ ದೋಷಗಳನ್ನು ಇಲ್ಲಿಂದಲೇ ಎಣಿಸಬೇಕು. ಒಳ್ಳೆಯ ಸಂಬಳದ ಗೆಳೆಯರಿರುವ ಬ್ಯಾಂಕ್ ನೌಕರನಿಗೆ 2,000 ಪೌಂಡ್ ಕೂಡಿಸುವುದು ಒಂದು ವಾರದ ಕೆಲಸ. ಅಂಥ ಪರಿಚಯಗಳಿಲ್ಲದ ಶುಚಿತ್ವ ಕಾರ್ಮಿಕನಿಗೆ ಅದು 42 ಕಿಲೋಮೀಟರಿಗಿಂತ ಕಠಿಣ. ಮಾತು ಕೊಟ್ಟಷ್ಟು ಕೂಡದಾಗ ಕೊರತೆಯನ್ನು ತಮ್ಮ ಉಳಿತಾಯದಿಂದಲೇ ತುಂಬಿದವರೂ ಇದ್ದಾರೆ. ಹೀಗೆ ಚೀಟಿಯ ಹೊರಗಿನ ಬಾಗಿಲು ಎಲ್ಲರಿಗೂ ಒಂದೇ ಅಗಲವಿಲ್ಲ. ಸಂಸ್ಥೆಗಳ ನಡುವೆಯೂ ಅಷ್ಟೆ: ಕ್ಯಾನ್ಸರ್, ಮಕ್ಕಳು, ಪ್ರಾಣಿಗಳು ಎಂಬ ಹೆಸರುಗಳಿಗೆ ಓಟಗಾರರು ಬೇಗ ಒಲಿಯುತ್ತಾರೆ, ಬಿಡುಗಡೆಯಾದ ಕೈದಿಗಳಿಗೋ ಮಾದಕ ವ್ಯಸನಿಗಳಿಗೋ ದುಡಿಯುವ ಸಂಸ್ಥೆಗೆ ಅದೇ ಸಂಖ್ಯೆಯ ಚೀಟಿಯನ್ನು ತುಂಬಿಸುವುದು ಕಷ್ಟ. ಇನ್ನು ಇಡೀ ವರ್ಷದ ಆದಾಯವನ್ನು ಒಂದು ಭಾನುವಾರದ ಮೇಲೆ ನಿಲ್ಲಿಸುವ ಅಪಾಯ 2020ರಲ್ಲಿ ಬಯಲಾಯಿತು. ಕೋವಿಡ್‌ನಿಂದಾಗಿ ಏಪ್ರಿಲ್ 26ರ ಓಟ ನಿಂತಾಗ, 26 ಎಂಬ ಅಂಕಿಯನ್ನೇ ಹಿಡಿದು ಮನೆಯಂಗಳದಲ್ಲಿ ಏನಾದರೊಂದು ಮಾಡಿ ಹಣ ಎತ್ತಿರೆಂದು ಕರೆ ಕೊಡಲಾಯಿತು, 1.1 ಕೋಟಿ ಪೌಂಡಿನಷ್ಟು ಕೂಡಿತು. ಹಿಂದಿನ ವರ್ಷದ ಓಟ ತಂದದ್ದು 6 ಕೋಟಿ 64 ಲಕ್ಷ.

ಭಾರತದಲ್ಲಿ ಈ ಮಾದರಿಯನ್ನು ನೆಟ್ಟದ್ದು ಮುಂಬೈ. ಪ್ರೊಕ್ಯಾಮ್ ಸಂಸ್ಥೆ 2004ರ ಫೆಬ್ರವರಿ 15ರಂದು ಆರಂಭಿಸಿದ ಅಲ್ಲಿನ ಮ್ಯಾರಥಾನ್ ಈಗ ಜನವರಿಯಲ್ಲಿ ನಡೆಯುತ್ತದೆ. ದಾನದ ಲೆಕ್ಕಪತ್ರವನ್ನು 2009ರಿಂದ ಯುನೈಟೆಡ್ ವೇ ಮುಂಬೈ ನೋಡಿಕೊಳ್ಳುತ್ತಿದೆ, ಮತ್ತು 2024ರ ಓಟದಲ್ಲಿ ಕೂಡಿದ್ದು 70 ಕೋಟಿ ರೂಪಾಯಿಗೂ ಮೇಲೆ. ಲಂಡನ್ನಿನಲ್ಲಿ ದಾನದ ಘಟಕ ಒಬ್ಬ ಓಟಗಾರ ಮತ್ತು ಅವನ ಬಳಗವಾದರೆ, ಮುಂಬೈಯಲ್ಲಿ ಕಂಪನಿಯೂ ಅಷ್ಟೇ ದೊಡ್ಡ ಘಟಕ. ನೌಕರರ ತಂಡಗಳಿಗೆ ಕಂಪನಿಗಳೇ ಸ್ಥಾನ ಕೊಳ್ಳುತ್ತವೆ. ಆರು ಕಿಲೋಮೀಟರಿನಷ್ಟು ದೂರದ, ಸಮಯ ಲೆಕ್ಕವಿಲ್ಲದ ‘ಡ್ರೀಮ್ ರನ್’ನಲ್ಲಿ ಫಲಕ ಹಿಡಿದು ನಡೆಯುವವರು ಬಹುಪಾಲು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕೆಂದು ವಿಧಿಸಿದಾಗ ಮ್ಯಾರಥಾನುಗಳಿಗೆ ಸುಗ್ಗಿಯಾಗಬಹುದೆಂಬ ಎಣಿಕೆ ಇದ್ದಿರಬಹುದು; ಆದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2014ರ ಜೂನ್ 18ರ ಸುತ್ತೋಲೆಯಲ್ಲಿ, ಮ್ಯಾರಥಾನಿನಂಥ ಒಂದು ದಿನದ ಕಾರ್ಯಕ್ರಮಗಳ ವೆಚ್ಚ ಆ ಲೆಕ್ಕಕ್ಕೆ ಬರದು ಎಂದು ಹೆಸರೆತ್ತಿಯೇ ಹೇಳಿತು. ಅದು ಸರಿಯಾದ ನಿರ್ಧಾರ. ಓಟದ ಟೀ ಷರ್ಟಿಗೂ ಫಲಕಕ್ಕೂ ಆದ ಖರ್ಚನ್ನು ಶಾಲೆ ಕಟ್ಟಿದ ಖರ್ಚಿನ ಪಕ್ಕದಲ್ಲಿ ಬರೆಯುವುದನ್ನು ಅದು ತಪ್ಪಿಸಿತು.

ತೆರಿಗೆಯ ವಿಷಯದಲ್ಲೂ ಎರಡು ದೇಶಗಳ ನಡುವೆ ದೂರವಿದೆ. ಬ್ರಿಟನ್ನಿನ ಗಿಫ್ಟ್ ಏಡ್‌ನಲ್ಲಿ ಸರ್ಕಾರ ಬಿಟ್ಟುಕೊಡುವ ತೆರಿಗೆ ಸೇವಾಸಂಸ್ಥೆಯ ಕೈ ಸೇರುತ್ತದೆ. ಭಾರತದಲ್ಲಿ ‘80ಜಿ’ ಎಂದು ಜನ ಕರೆಯುವ ವಿನಾಯಿತಿಯಲ್ಲಿ ಅದು ದಾನಿಯ ಜೇಬಿಗೇ ಮರಳುತ್ತದೆ, ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವನಿಗೆ ಮಾತ್ರ. ಹೊಸ ಪದ್ಧತಿಗೆ ಹೋದ ಸಂಬಳದಾರನಿಗೆ ಆ ಆಸೆಯೂ ಇಲ್ಲ. ಸಣ್ಣ ದಾನಿಗಳನ್ನು ನೆಚ್ಚಿಕೊಂಡ ಸಂಸ್ಥೆಗಳ ಪಾಲಿಗೆ ಇದು ದೊಡ್ಡ ಸಂಗತಿ. ಆದರೂ ಇದರ ಚರ್ಚೆ ನಡೆದದ್ದು ಕಡಿಮೆ.

ಬೆಂಗಳೂರು ಪೂರ್ಣ ಮ್ಯಾರಥಾನಿನ ಬದಲು ಹತ್ತು ಕಿಲೋಮೀಟರನ್ನು ಆರಿಸಿಕೊಂಡದ್ದು ಮಾದರಿಯನ್ನು ಊರಿಗೆ ಹೊಂದಿಸಿಕೊಂಡ ರೀತಿ. ಪ್ರೊಕ್ಯಾಮ್ ಸಂಸ್ಥೆಯೇ 2008ರಲ್ಲಿ ಇಲ್ಲಿ ಆರಂಭಿಸಿದ ವರ್ಲ್ಡ್ 10ಕೆ ಓಟಕ್ಕೂ, 2022ರಿಂದ ಲಂಡನ್ ಮ್ಯಾರಥಾನಿಗೂ ಮುಖ್ಯ ಪ್ರಾಯೋಜಕತ್ವ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಕಂಪನಿಯದು. 2025ರಲ್ಲಂತೂ ಎರಡೂ ಓಟಗಳು ಏಪ್ರಿಲ್ 27ರ ಒಂದೇ ಭಾನುವಾರ ನಡೆದವು. ಬೆಂಗಳೂರಿನ ಬೇಸಿಗೆಯ ಬೆಳಗಿನಲ್ಲಿ ಹತ್ತು ಕಿಲೋಮೀಟರನ್ನು ವೇಗದ ಓಟಗಾರನೂ ಮನೆಯ ಅಜ್ಜಿಯೂ ಮುಗಿಸಬಲ್ಲರು. ಆದ್ದರಿಂದ ಇಲ್ಲಿ ಸ್ಥಾನದ ಇಕ್ಕಟ್ಟು ಲಂಡನ್ನಿನಷ್ಟಿಲ್ಲ, ಇಕ್ಕಟ್ಟಿಲ್ಲದ ಕಡೆ ಸ್ಥಾನಕ್ಕೆ ಕಟ್ಟಿದ ದಾನವೂ ಅಷ್ಟು ಬಿಗಿಯಾಗಿರುವುದಿಲ್ಲ. ಹಣ ಬರುವುದು ಹೆಚ್ಚಾಗಿ ಒಬ್ಬೊಬ್ಬರ ಕೋರಿಕೆಯಿಂದ, ಕಚೇರಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದು ಬೀಳುವ ಕೊಂಡಿಯಿಂದ.

ಅಂಥ ಕೊಂಡಿಯನ್ನು ತೆರೆದಾಗ ಮೇಲೆ ಕಾಣುವುದು ಪರಿಚಿತ ಓಟಗಾರನ ನಗುಮುಖ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಸಂಸ್ಥೆಯ ಹೆಸರಿರುತ್ತದೆ. ಓದುಗರು ಹಣ ಕಳಿಸುವ ಮೊದಲು ಆ ಹೆಸರನ್ನೂ ಅದರ ಹಿಂದಿನ ವರ್ಷದ ಲೆಕ್ಕಪತ್ರವನ್ನೂ ಒಮ್ಮೆ ಓದಿಕೊಳ್ಳಬೇಕು. ಸರಿ ಎನಿಸಿದರೆ ಮುಂದಿನ ವರ್ಷ ಆ ಗೆಳೆಯ ಮಂಡಿನೋವೆಂದು ಓಡದಿದ್ದರೂ ಅಷ್ಟೇ ಮೊತ್ತವನ್ನು ನೇರವಾಗಿ ಆ ಸಂಸ್ಥೆಗೆ ಕಳಿಸಬೇಕು.